ಹೊಳೆಗೆ ಎಸೆದ ಕೀಲಿಕೈ

ಓಲ್ಡೆನ್‌ಬುರ್ಗ್, ೧೯ ಸೆಪ್ಟೆಂಬರ್ ೧೯೮೨

ಪ್ರೀತಿಯ ಅಜ್ಜಿಗೆ,

ನಾನು ವೀಬ್ಕೆ. ನಿಮ್ಮ ಮಗಳು ರೋಸ್ವಿಥಾಳ ಮಗಳು. ವಯಸ್ಸು ಹದಿನೇಳು. ಸ್ವಂತ ಅಜ್ಜಿಗೆ ಹೀಗೆ ಪರಿಚಯ ಹೇಳಿಕೊಳ್ಳುವುದು ನಗೆಪಾಟಲಿನ ವಿಷಯ, ಆದರೆ ಗಡಿಯ ಆ ಕಡೆ ಪೂರ್ವ ಜರ್ಮನಿಯಲ್ಲಿ ನೀವು, ಈ ಕಡೆ ಪಶ್ಚಿಮದಲ್ಲಿ ನಾನು, ಒಬ್ಬರನ್ನೊಬ್ಬರು ನೋಡಿಯೇ ಇಲ್ಲವಲ್ಲ. ಅಮ್ಮ ಪ್ರತಿ ಕ್ರಿಸ್ಮಸ್‌ಗೆ ನಿಮಗೆ ಕಳಿಸುವ ಪಾರ್ಸೆಲ್ಲಿನ ಚೀಟಿಯಿಂದ ವಿಳಾಸ ಕದ್ದೆ. ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ.

ಬರೆಯಲು ಕಾರಣ ಒಂದು ನಾಟಕ. ಬರುವ ವಸಂತದಲ್ಲಿ ನನ್ನ ಶಾಲೆಯ ಕೊನೆಯ ಪರೀಕ್ಷೆ. ಜರ್ಮನ್ ಪಾಠಕ್ಕೆ ‘ಹೊಳೆದಂಡೆಯ ದೊರೆಸಾನಿ’ ಇಟ್ಟಿದ್ದಾರೆ. ನೀವು ಅದನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಮಾಡುತ್ತಿದ್ದೀರಂತೆ, ಅಪ್ಪ ಬಾಯಿ ತಪ್ಪಿ ಹೇಳಿದ. ನಾನು ನಿಜವಾಗಿ ಓದಿದ್ದೇನೆ ಎಂದು ತೋರಿಸಲು ಕಥೆ ಬರೆಯುತ್ತೇನೆ. ದೊರೆಯ ಮಾತು ಮೀರಿ ಮಗಳು ಹೊಳೆಯಾಚೆಯ ಗಾಯಾಳುಗಳ ಆರೈಕೆಗೆ ಹೋಗುತ್ತಾಳೆ. ಅವಳಿಗೆ ಇನ್ನು ಬಾಗಿಲು ತೆರೆಯಕೂಡದೆಂದು ದೊರೆಯ ಆಜ್ಞೆ. ಕೋಟೆಬಾಗಿಲಿನ ಕೀಲಿಕೈ ಇರುವುದು ತಾಯಿ ದೊರೆಸಾನಿಯ ಸೊಂಟದಲ್ಲಿ. ಮೂರನೆಯ ಅಂಕದಲ್ಲಿ ಮಳೆಯಲ್ಲಿ ಬಂದ ಮಗಳು ಮೂರು ಸಲ ಬಾಗಿಲು ಬಡಿಯುತ್ತಾಳೆ. ಒಳಗೆ ದೊರೆಯ ಭಟರು ನೋಡುತ್ತ ಕೂತಿದ್ದಾರೆ. ತಾಯಿ ಏಳುವುದಿಲ್ಲ. ಐದನೆಯ ಅಂಕದಲ್ಲಿ ದೊರೆ ಸತ್ತ ಮೇಲೆ ಅವಳು ಸೇತುವೆಗೆ ಹೋಗಿ ಕೀಲಿಕೈಯನ್ನು ಹೊಳೆಗೆ ಎಸೆಯುತ್ತಾಳೆ. ಪರದೆ.

ಯಾಕೆ ಎಸೆದಳು? ನಮ್ಮ ಮೇಷ್ಟ್ರು ತಾಮೆನ್ ಅವರು “ಕೀಲಿಕೈ ಅಂದ್ರೆ ಬಂಧನ, ಎಸೆದದ್ದು ಅಂದ್ರೆ ಒಳಗಿನ ಬಿಡುಗಡೆ, ಬರ್ಕೊಳ್ಳಿ” ಅಂದರು. ಎಲ್ಲರೂ ಬರೆದುಕೊಂಡರು. ನನಗೆ ಹಿಡಿಸಲಿಲ್ಲ. ಅಮ್ಮನನ್ನು ಕೇಳಿದರೆ, “ಆ ನಾಟಕದ ಸುದ್ದಿ ನನ್ನ ಅಡುಗೆಮನೇಲಿ ಬೇಡ” ಎಂದು ಆಲೂಗಡ್ಡೆಯ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. ನೀವಾದರೂ ಹೇಳುತ್ತೀರಾ?

ನಿಮ್ಮ ಮೊಮ್ಮಗಳು,
ವೀಬ್ಕೆ

*

ಗ್ರಿಮ್ಮಾ, ೩ ಅಕ್ಟೋಬರ್ ೧೯೮೨

ಮುದ್ದು ವೀಬ್ಕೆ,

ನಿನ್ನ ಪತ್ರ ಒಂಬತ್ತು ದಿನ ಪ್ರಯಾಣ ಮಾಡಿ ಬಂತು. ಲಕೋಟೆಗೆ ಎರಡು ಸಲ ಅಂಟು ಹಚ್ಚಿದಂತಿತ್ತು. ದಾರಿಯಲ್ಲಿ ಓದಿದವರಿಗೂ ನಾಟಕದ ಮೇಲೆ ಆಸೆ ಹುಟ್ಟಿದ್ದರೆ ಸಂತೋಷವೇ.

ಮೊದಲನೆಯದಾಗಿ, ಅಜ್ಜಿಯನ್ನು ‘ನೀವು’ ಎನ್ನಬೇಡ. ನಾನೇನು ನಿಮ್ಮ ಊರಿನ ಮೇಯರ್ ಅಲ್ಲ. ಎರಡನೆಯದು, ನಿನ್ನ ಪತ್ರದಲ್ಲಿ ನಾಲ್ಕು ಕಡೆ ಅಲ್ಪವಿರಾಮ ಬಿಟ್ಟುಹೋಗಿದೆ. ಮೂರನೆಯದು, ನಿನ್ನ ಪತ್ರ ಓದಿ ನಾನು ಕೋಟು ಹಾಕಿಕೊಂಡು ಮುಲ್ಡೆ ಹೊಳೆಯ ತೂಗುಸೇತುವೆಯವರೆಗೆ ನಡೆದು ವಾಪಸು ಬಂದೆ. ಮನೆಯೊಳಗೆ ಕೂರಲು ಆಗಲಿಲ್ಲ.

ಈಗ ಪಾಠ. ಸಂಕೇತ ಎಂದರೆ ಉತ್ತರ ಹೇಳಿ ಮುಗಿಸಿಬಿಡುವ ಒಗಟಲ್ಲ. ಅದು ಮೊದಲು ಒಂದು ವಸ್ತು. ಈ ಕೀಲಿಕೈ ಕಬ್ಬಿಣದ್ದು, ಭಾರದ್ದು, ನಡೆದರೆ ಸೊಂಟಕ್ಕೆ ಬಡಿಯುವಂಥದ್ದು. ಮೊದಲು ಆ ಭಾರ ನಿನಗೆ ಗೊತ್ತಾಗಬೇಕು, ಅರ್ಥ ಆಮೇಲೆ. ಆದ್ದರಿಂದ ಮನೆಪಾಠ ಕೊಡುತ್ತೇನೆ. ಐದು ಅಂಕಗಳಲ್ಲಿ ಎಲ್ಲೆಲ್ಲಿ ಕೀಲಿಕೈ ಮಾತು ಬರುತ್ತದೆಯೋ ಅಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕು. ಎಲ್ಲಿ ಬರುವುದಿಲ್ಲವೋ ಅದನ್ನೂ ನೋಡು.

ಇಲ್ಲಿಯ ಪುಸ್ತಕದಲ್ಲಿರುವ ಉತ್ತರ ಹೀಗೆ: ಕೀಲಿಕೈ ಎಂದರೆ ದೊರೆಗಳ ದರ್ಪ, ಹೊಳೆ ಎಂದರೆ ಇತಿಹಾಸ, ದರ್ಪ ಇತಿಹಾಸದಲ್ಲಿ ಮುಳುಗಿತು. ಹೀಗೆ ಬರೆದವರಿಗೆ ‘ಒಂದು’ ಕೊಡುತ್ತೇವೆ. ನಮ್ಮಲ್ಲೂ ನಿಮ್ಮ ಹಾಗೆ ‘ಒಂದು’ ಎಂದರೆ ಎಲ್ಲಕ್ಕಿಂತ ಮೇಲೆ, ಆದರೆ ‘ಐದು’ ಬಂದರೆ ಅಲ್ಲಿಗೆ ನಪಾಸು.

ಅಮ್ಮ ಹೇಗಿದ್ದಾಳೆ? ಅವಳ ಪಾರ್ಸೆಲ್ ಪ್ರತಿ ವರ್ಷ ತಪ್ಪದೆ ಬರುತ್ತದೆ. ಮೇಲೆ ‘ಉಡುಗೊರೆ, ಮಾರಾಟದ ಸರಕಲ್ಲ’ ಎಂಬ ಸಾಲು, ಒಳಗೆ ಸುಂಕದವರಿಗಾಗಿ ಸಾಮಾನಿನ ಪಟ್ಟಿ. ಕಾಫಿ ಐನೂರು ಗ್ರಾಂ, ಒಣದ್ರಾಕ್ಷಿ, ಚಾಕಲೇಟು ಎರಡು. ಅದರ ಕೆಳಗೆ ಹೆಸರಿಲ್ಲ, ಒಂದು ಮಾತಿಲ್ಲ. ಇಪ್ಪತ್ತೊಂದು ಪಟ್ಟಿಗಳಿವೆ ನನ್ನ ಬಳಿ. ‘ಗ್ರಾಂ’ ಎಂದು ಬರೆಯುವಾಗ ಅವಳ ಕೈ ಇನ್ನೂ ಸ್ವಲ್ಪ ಎಡಕ್ಕೆ ವಾಲುತ್ತದೆ. ಚಿಕ್ಕವಳಿದ್ದಾಗಲೂ ಹಾಗೇ ಬರೆಯುತ್ತಿದ್ದಳು. ಈಗಲೂ ಓದುವಾಗ ಕೂದಲಿನ ತುದಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆಯೇ?

ನಿನ್ನ ಅಜ್ಜಿ,
ಗೆರ್ಟ್ರೌಡ್ ಲಿಂಡಿಗ್

*

ಓಲ್ಡೆನ್‌ಬುರ್ಗ್, ೨೪ ಅಕ್ಟೋಬರ್ ೧೯೮೨

ಅಜ್ಜೀ,

ಕೂದಲು ಕತ್ತರಿಸಿ ಮೋಟು ಮಾಡಿಕೊಂಡಿದ್ದಾಳೆ, ಬಾಯಿಗೆ ಎಟುಕುವುದಿಲ್ಲ. ಈಗ ಕನ್ನಡಕದ ಕಡ್ಡಿ ಕಚ್ಚುತ್ತಾಳೆ. ಕನ್ನಡಕದ ಅಂಗಡಿಯಲ್ಲೇ ಕೆಲಸ, ಕಚ್ಚಲು ಬೇಕಾದಷ್ಟಿವೆ.

ಮನೆಪಾಠ ಮುಗಿಸಿದೆ. ಕೀಲಿಕೈ ಒಟ್ಟು ಹತ್ತೊಂಬತ್ತು ಸಲ ಬರುತ್ತದೆ. ಮೂರನೆಯ ಅಂಕದ ಕೊನೆಯವರೆಗೆ ಹದಿನೆಂಟು, ಐದನೆಯ ಅಂಕದಲ್ಲಿ ಎಸೆಯುವಾಗ ಒಂದು. ನಾಲ್ಕನೆಯದರಲ್ಲಿ ಇಲ್ಲವೇ ಇಲ್ಲ. ಆ ಅಂಕದ ತುಂಬ ಜನ ಊಟ ಮಾಡುತ್ತಾರೆ, ಕುದುರೆ ಮಾರುತ್ತಾರೆ, ಮದುವೆಯ ಮಾತಾಡುತ್ತಾರೆ, ಕೀಲಿಕೈ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ. ನಮ್ಮ ಮನೆಯಲ್ಲಿ ನಿನ್ನ ಹೆಸರು ಎತ್ತದ ಹಾಗೆ. ಇದನ್ನು ಕಂಡುಹಿಡಿದಾಗ ನನ್ನ ಕಿವಿ ಬಿಸಿಯಾಯಿತು.

ಇನ್ನೊಂದು ಸಂಗತಿ. ನಿನ್ನ ಪತ್ರವನ್ನು ನಾಟಕದ ಪುಸ್ತಕದೊಳಗೆ ಇಟ್ಟಿದ್ದೆ, ಅಮ್ಮನಿಗೆ ಸಿಕ್ಕಿತು. ಬಯ್ಯುತ್ತಾಳೆಂದು ನಾನು ಬಾಗಿಲ ಹತ್ತಿರ ಕಲ್ಲಿನ ಹಾಗೆ ನಿಂತೆ. ಅವಳು ನಿಂತೇ ಓದಿದಳು. ಎರಡು ಸಲ ಓದಿದಳು. ಆಮೇಲೆ, “ಅಲ್ಪವಿರಾಮ ಹುಡುಕೋದು ಬಿಟ್ಟಿಲ್ವಾ ಇನ್ನೂ?” ಅಂದಳು.

“ಅಮ್ಮಾ, ಒಂದೇ ಒಂದ್ ಸಲ ಬರಿ ಅಜ್ಜಿಗೆ,” ಅಂದೆ.

“ನಿಮ್ಮಜ್ಜಿ ಒಳ್ಳೇ ಟೀಚರ್ ಕಣೇ. ‘ಒಂದು’ ಯಾರಿಗೆ ಕೊಡ್ಬೇಕು ಅಂತ ಗೊತ್ತು. ‘ಐದು’ ಯಾರಿಗೆ ಕೊಡ್ಬೇಕು ಅಂತ ಇನ್ನೂ ಚೆನ್ನಾಗಿ ಗೊತ್ತು.”

ಅಷ್ಟು ಹೇಳಿ ಬಟ್ಟೆ ಒಣಹಾಕಲು ಹೋದಳು. ಆಗಲೇ ಒಣಗಿದ್ದ ಬಟ್ಟೆಗಳನ್ನೇ ತೆಗೆದು ಮತ್ತೆ ಹಾಕಿದಳು. ಅಜ್ಜೀ, ಯಾವ ಐದು?

ವೀಬ್ಕೆ

*

ಗ್ರಿಮ್ಮಾ, ೨೧ ನವೆಂಬರ್ ೧೯೮೨

ಮುದ್ದು ವೀಬ್ಕೆ,

ಉತ್ತರ ತಡವಾಯಿತು. ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ಇದು ಐದನೆಯದು. ದಾರಿಯಲ್ಲಿ ಓದುವವರು ಓದಲಿ, ನನ್ನ ಕೆಲಸ ಇನ್ನು ನಾಲ್ಕು ತಿಂಗಳು.

ಆ ಐದನ್ನು ನಾನು ಕೊಟ್ಟದ್ದು ೧೯೬೧ರ ಮೇ ತಿಂಗಳಲ್ಲಿ, ನಿನ್ನ ಅಮ್ಮನಿಗೆ. ಅವಳು ನನ್ನ ತರಗತಿಯಲ್ಲೇ ಇದ್ದಳು. ಇದೇ ನಾಟಕ, ಇದೇ ಪ್ರಶ್ನೆ. ಅವಳ ಪ್ರಬಂಧದ ಒಂದು ಸಾಲು ನನಗೆ ಬಾಯಿಪಾಠ: “ದೊರೆಸಾನಿ ಕೀಲಿಕೈ ಎಸೆದದ್ದು ಬಿಡುಗಡೆಗಾಗಿ ಅಲ್ಲ, ‘ನಿನ್ನ ಹತ್ತಿರ ಕೀಲಿಕೈ ಇತ್ತಲ್ಲ’ ಎಂದು ಇನ್ನು ಯಾರೂ ಕೇಳಬಾರದೆಂದು.” ಹದಿನೆಂಟು ತುಂಬದ ಹುಡುಗಿ ಬರೆದದ್ದು. ಮನೆಯಲ್ಲಿ ಅದನ್ನು ಓದಿದಾಗ ನನಗೆ ಹೆಮ್ಮೆಯಿಂದ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಅಂಕಗಳ ಪಟ್ಟಿಯಲ್ಲಿ ಪೆನ್ಸಿಲಿನಿಂದ ‘ಒಂದು’ ಬರೆದಿಟ್ಟೆ.

ಮರುದಿನ ತರಗತಿಗೆ ಪರಿವೀಕ್ಷಕರು ಬಂದರು. ಹಿಂದಿನ ಬೆಂಚಿನಲ್ಲಿ ಕೂತು ಪ್ರಬಂಧಗಳ ಕಟ್ಟು ತರಿಸಿಕೊಂಡರು. ಇದರ ಹತ್ತಿರ ಬಂದು ನಿಂತರು.

“ದೊರೆಗಳು ಸೋತರು ಅಂತ ಕವಿ ಬರೆದ್ರೆ, ಈ ಹುಡುಗಿ ಎಲ್ರೂ ಹೆದರುಪುಕ್ಕಲರು ಅಂತಾಳಲ್ಲ. ಯಾರ ಬಗ್ಗೆ ಹೇಳ್ತಿದ್ದಾಳೆ ಇವ್ಳು? ಇದಕ್ಕೆ ನೀವು ಎಷ್ಟು ಕೊಡ್ತೀರಿ, ಲಿಂಡಿಗ್ ಮೇಡಂ?”

ಮೂವತ್ತು ಮಕ್ಕಳು ತಿರುಗಿ ನೋಡಿದರು. ರೋಸ್ವಿಥಾ ಮಾತ್ರ ನೋಡಲಿಲ್ಲ, ಕೂದಲ ತುದಿ ಕಚ್ಚುತ್ತ ಕೂತಿದ್ದಳು. ಅವಳಿಗೆ ಭಯವಿರಲಿಲ್ಲ. ಅಮ್ಮ ಇದ್ದಾಳಲ್ಲ ಎಂಬ ಧೈರ್ಯ.

“ಐದು,” ಅಂದೆ.

ಅಷ್ಟಕ್ಕೇ ಬಿಡದೆ ಅವರು ನನ್ನಿಂದಲೇ ಆ ಪ್ರಬಂಧವನ್ನು ಗಟ್ಟಿಯಾಗಿ ಓದಿಸಿದರು. ಎಲ್ಲಿ ತಪ್ಪು ಎಂದು ಪ್ರತಿ ಪುಟಕ್ಕೂ ಹೇಳಿಸಿದರು. ನಾನು ಓದಿದೆ, ಹೇಳಿದೆ. ಆ ಐದರಿಂದ ಅವಳ ವಿಶ್ವವಿದ್ಯಾಲಯದ ಶಿಫಾರಸು ಹೋಯಿತು. ಸಂಜೆ ಸೂಪು ಕುಡಿಯುವಾಗ ಅವಳು ಕೇಳಿದಳು, “ಅಮ್ಮ, ನಿಜವಾಗ್ಲೂ ನಾನ್ ಬರ್ದಿದ್ದು ತಪ್ಪಾ?” ಆಗ ಮನೆಯಲ್ಲಿ ನಾವಿಬ್ಬರೇ. ನಿನ್ನ ಅಜ್ಜ ಯುದ್ಧದಿಂದ ಬಂದಿರಲೇ ಇಲ್ಲ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಆಗಲಾದರೂ ಹೇಳಬಹುದಿತ್ತು. “ಸೂಪು ಆರಿಹೋಗತ್ತೆ, ಕುಡಿ,” ಅಂದೆ.

ಜುಲೈನಲ್ಲಿ “ಬರ್ಲಿನ್‌ಗೆ ಹೋಗಿ ನಿಂಗೆ ಚಪ್ಪಲಿ ತರ್ತೀನಿ” ಎಂದು ಹೊರಟಳು. “ಬಿಳೀದು ತಾ, ಕಪ್ಪು ಬೇಡ,” ಎಂದು ನಾನು ಕಿಟಕಿಯಿಂದ ಕೂಗಿದೆ. ಮಗಳಿಗೆ ನಾನು ಆಡಿದ ಕೊನೆಯ ಮಾತು ಅದು. ಅವಳು ಪಶ್ಚಿಮಕ್ಕೆ ದಾಟಿ ಅಲ್ಲೇ ಉಳಿದಳು, ಆಗಸ್ಟಿನಲ್ಲಿ ಬರ್ಲಿನ್ನಿನ ನಡುವೆ ಗೋಡೆ ಎದ್ದಿತು. ಹತ್ತು ವರ್ಷದಿಂದ ಅಲ್ಲಿಯವರು ಇಲ್ಲಿಗೆ ಬಂದು ಹೋಗಬಹುದು. ಅವಳು ಬರಲಿಲ್ಲ. ಅವಳದು ತಪ್ಪೆಂದು ನಾನು ಹೇಳಲಾರೆ.

ಬರುವ ಮಾರ್ಚ್ ೧೪ಕ್ಕೆ ನನಗೆ ಅರವತ್ತು. ಪಿಂಚಣಿಯವರನ್ನು ವರ್ಷಕ್ಕೊಮ್ಮೆ ನಿಮ್ಮ ಕಡೆಗೆ ಬಿಡುತ್ತಾರೆ. ಮುದುಕಿ ಅಲ್ಲೇ ಉಳಿದುಬಿಟ್ಟರೆ ಸರ್ಕಾರಕ್ಕೆ ಲಾಭವೇ. ಅರ್ಜಿ ತಂದಿಟ್ಟಿದ್ದೇನೆ. ‘ಯಾರ ಮನೆಗೆ’ ಎಂಬ ಖಾನೆಯನ್ನು ಖಾಲಿ ಬಿಟ್ಟಿದ್ದೇನೆ. ಅವಳು ಕರೆಯದೆ ಅವಳ ವಿಳಾಸ ಬರೆಯುವ ಹಕ್ಕು ನನಗಿಲ್ಲ.

ಅವಳ ಆ ಪ್ರಬಂಧದ ಪುಸ್ತಕವನ್ನು ಇದರ ಜೊತೆ ಇಟ್ಟಿದ್ದೇನೆ. ಐದನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ‘ಒಂದು’ ಎಂದು ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದ್ದೇನೆ. ಅವಳಿಗೆ ಕೊಡು. ಅವಳನ್ನು ನೋಡಬೇಕು ವೀಬ್ಕೆ. ಬೇರೇನೂ ಬೇಡ ನನಗೆ.

ಅಜ್ಜಿ

*

ಓಲ್ಡೆನ್‌ಬುರ್ಗ್, ೯ ಜನವರಿ ೧೯೮೩

ಅಜ್ಜೀ,

ಈ ಸಲ ಪಾರ್ಸೆಲ್ ಯಾಕೆ ಬರಲಿಲ್ಲ ಎಂದು ನೀನು ಕೇಳಿಲ್ಲ. ಕೇಳುವುದಿಲ್ಲ ಎಂದು ಗೊತ್ತು, ಅದಕ್ಕೇ ನಾನೇ ಹೇಳುತ್ತೇನೆ.

ನಿನ್ನ ಲಕೋಟೆ ಬಂದ ದಿನ ಪೆಟ್ಟಿಗೆ ಅಡುಗೆಮನೆಯ ಮೇಜಿನ ಮೇಲೇ ಇತ್ತು, ಅರ್ಧ ತುಂಬಿತ್ತು. ಪತ್ರವನ್ನು ಅಮ್ಮ ಕೂತು ಓದಿದಳು. ಓದುತ್ತ ಅತ್ತಳು ಅಜ್ಜೀ, ನಾನು ನೋಡಿದೆ. ಎಲ್ಲ ಸರಿಹೋಗುತ್ತದೆ ಎಂದು ನನಗೆ ಕುಣಿಯುವಷ್ಟು ಖುಷಿ. ಆಮೇಲೆ ಪ್ರಬಂಧದ ಪುಸ್ತಕ ತೆರೆದಳು. ಕೆಂಪು ಶಾಯಿ ಕಂಡಿತು. ಅವಳ ಮುಖವೇ ಬದಲಾಯಿತು.

“ಇಪ್ಪತ್ತೊಂದ್ ವರ್ಷ ಆದ್ಮೇಲೂ ಅಂಕ ಕೊಡ್ತಿದ್ದಾಳೆ! ಆಗ ಐದು, ಈಗ ಒಂದು! ನಾನೇನು ಇಷ್ಟು ವರ್ಷ ಫಲಿತಾಂಶಕ್ಕೆ ಕಾಯ್ತಾ ಕೂತಿದ್ನಾ? ಸಹಿ ಬೇರೆ ಹಾಕಿದ್ದಾಳೆ, ನೋಡು, ಲಿಂಡಿಗ್ ಅಂತ! ಅಮ್ಮ ಅಂತ ಬರೆಯೋಕೆ ಕೈ ಬರ್ಲಿಲ್ವಾ?”

ಅಪ್ಪ, “ಹೋಗ್ಲಿ ಬಿಡೇ, ಅವರಿಗೆ ಗೊತ್ತಿರೋ ಭಾಷೆ ಅದೊಂದೇ,” ಅಂದ.

“ಹಾಗಾದ್ರೆ ಬೇರೆ ಭಾಷೆ ಕಲೀಲಿ!” ಅಂದಳು. ಪೆಟ್ಟಿಗೆಯಿಂದ ಕಾಫಿ ತೆಗೆದು ಕಪಾಟಿಗೆ, ದ್ರಾಕ್ಷಿ ತೆಗೆದು ಡಬ್ಬಿಗೆ, ಒಂದೊಂದನ್ನೇ ವಾಪಸು ಇಟ್ಟಳು.

ಒಂದು ಮಾತು ಮಾತ್ರ ಹೇಳಬೇಕು. ನೀನು ಕಳಿಸಿದ ಹಬ್ಬದ ಸಿಹಿಬ್ರೆಡ್ಡನ್ನು ಅವಳು ನಮಗೆ ಕೊಡಲಿಲ್ಲ. ದಿನಾ ಬೆಳಗ್ಗೆ ಒಂದು ಚೂರು ಕತ್ತರಿಸಿ, ಕಿಟಕಿಯ ಹತ್ತಿರ ನಿಂತು ಒಬ್ಬಳೇ ತಿಂದಳು. ಜನವರಿ ಆರರವರೆಗೆ ಬಂತು.

ಇನ್ನು ನನಗೆ ದಾರಿ ತೋಚುತ್ತಿಲ್ಲ. ನೀನೇ ನೋಡು.

ವೀಬ್ಕೆ

*

ಗ್ರಿಮ್ಮಾ, ೬ ಫೆಬ್ರವರಿ ೧೯೮೩

ರೋಸ್ವಿಥಾ,

ವೀಬ್ಕೆ ಎಲ್ಲವನ್ನೂ ಬರೆದಳು. ನೀನು ಹೇಳಿದ್ದು ಸರಿ. ಕೆಂಪು ಶಾಯಿ ಕೈಗೆ ಸಿಕ್ಕರೆ ನಾನು ಮನುಷ್ಯಳಾಗಿ ಉಳಿಯುವುದಿಲ್ಲ. ಅದಕ್ಕೇ ಈ ಸಲ ನಾನೇ ಪರೀಕ್ಷೆಗೆ ಕೂತಿದ್ದೇನೆ. ಇವತ್ತು ಬೆಳಗ್ಗೆ ಎಂಟಕ್ಕೆ ಗಡಿಯಾರ ಮೇಜಿನ ಮೇಲಿಟ್ಟು ಶುರುಮಾಡಿದೆ, ಪುಸ್ತಕ ತೆರೆಯಲಿಲ್ಲ. ಹಾಳೆಯ ಬಲಗಡೆ ಮೂರು ಬೆರಳು ಅಂಚು ಬಿಟ್ಟಿದ್ದೇನೆ. ತಿದ್ದುವುದು ನಿನಗೆ ಬಿಟ್ಟದ್ದು.

ಪ್ರಶ್ನೆ: ದೊರೆಸಾನಿ ಕೀಲಿಕೈಯನ್ನು ಹೊಳೆಗೆ ಎಸೆದದ್ದೇಕೆ?

ಉತ್ತರ: ಇದರ ಬಗ್ಗೆ ಮೂವತ್ತಾರು ವರ್ಷ ಪಾಠ ಮಾಡಿದ್ದೇನೆ, ಆದ್ದರಿಂದ ನನಗೆ ತಿಳಿದದ್ದು ಕಡಿಮೆ. ಎಲ್ಲರೂ ಎಸೆದದ್ದನ್ನೇ ನೋಡುತ್ತಾರೆ. ನಾನು ಮೂರನೆಯ ಅಂಕದಲ್ಲಿ ಅವಳು ಕೂತಿದ್ದನ್ನು ಬರೆಯುತ್ತೇನೆ, ಅದು ನನಗೆ ಗೊತ್ತು.

ಮೊದಲನೆಯ ಬಡಿತ ಕೇಳಿದಾಗ ಅವಳು, ಈಗ ಬೇಡ, ಭಟರು ಹೋದಮೇಲೆ ತೆಗೆಯುತ್ತೇನೆ ಎಂದುಕೊಂಡಳು. ಎರಡನೆಯದು ಕೇಳಿದಾಗ, ಮಗಳು ಜಾಣೆ, ಅರ್ಥ ಮಾಡಿಕೊಳ್ಳುತ್ತಾಳೆ ಎಂದುಕೊಂಡಳು. ಮೂರನೆಯದಕ್ಕೆ ಏನೂ ಅಂದುಕೊಳ್ಳಲಿಲ್ಲ, ಕೀಲಿಕೈ ಸದ್ದು ಮಾಡದಿರಲೆಂದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಭಟರು ಎದ್ದು ಹೋದರು. ಆಗ ಬಾಗಿಲ ಆಚೆ ಯಾರೂ ಇರಲಿಲ್ಲ.

ಅವಳಿಗೆ ದೊರೆಯ ಭಯವಿತ್ತು, ನಿಜ. ಆದರೆ ಭಟರು ಹೋದಮೇಲೂ ಸುಮ್ಮನಿದ್ದದ್ದಕ್ಕೆ ಭಯ ಕಾರಣವಲ್ಲ. ತಪ್ಪು ಮಾಡಿದೆ ಎಂದು ಮಗಳೆದುರು ಒಪ್ಪಿಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ. ಎಲ್ಲರಿಗೂ ಹೇಳಿಕೊಡುತ್ತಿದ್ದವಳಿಗೆ ಅದೊಂದು ಬರಲಿಲ್ಲ. ಕೀಲಿಕೈ ಎಸೆದರೆ ನೆನಪು ಹೋಗುತ್ತದೆ ಎಂದುಕೊಂಡಳು. ಹೋಗುವುದಿಲ್ಲ. ಆ ಬಡಿತ ಎಷ್ಟು ವರ್ಷ ಕಳೆದರೂ ಕೇಳುತ್ತದೆ, ಸೂಪು ಕುದಿಯುವಾಗ ಕೇಳುತ್ತದೆ.

ನನ್ನ ಬಳಿ ಕೀಲಿಕೈ ಇತ್ತು. ನಾನು ತೆಗೆಯಲಿಲ್ಲ. ನಿನ್ನ ಪ್ರಬಂಧ ಸರಿಯಾಗಿತ್ತು, ಅದು ಅವತ್ತೇ ನನಗೆ ಗೊತ್ತಿತ್ತು. ನನ್ನನ್ನು ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ.

ಸಮಯ ಇನ್ನೂ ಮೂರು ಗಂಟೆ ಉಳಿದಿದೆ. ಬರೆಯಲು ಬೇರೇನೂ ಇಲ್ಲ.

ಅಮ್ಮ

*

ಓಲ್ಡೆನ್‌ಬುರ್ಗ್, ೭ ಮಾರ್ಚ್ ೧೯೮೩

ಉಡುಗೊರೆ, ಮಾರಾಟದ ಸರಕಲ್ಲ

ಒಳಗಿರುವ ಸಾಮಾನಿನ ಪಟ್ಟಿ:
ಕಾಫಿ, ೫೦೦ ಗ್ರಾಂ
ಒಣದ್ರಾಕ್ಷಿ, ೨೫೦ ಗ್ರಾಂ
ಚಾಕಲೇಟು, ೨
ಚಪ್ಪಲಿ, ಬಿಳಿ, ೧ ಜೊತೆ (ತಡವಾಯಿತು)
ಪ್ರಬಂಧ, ೧, ತಿದ್ದಿಲ್ಲ
ಮನೆಯ ಮುಂಬಾಗಿಲಿನ ಕೀಲಿಕೈ, ೧

ರೋಸ್ವಿಥಾ

*

ಗ್ರಿಮ್ಮಾ, ೧೬ ಮಾರ್ಚ್ ೧೯೮೩

ರೋಸ್ವಿಥಾ, ನನ್ನ ಮಗಳೇ,

ಪಾರ್ಸೆಲ್ ಹುಟ್ಟುಹಬ್ಬದ ದಿನವೇ ಬಂತು. ಸುಂಕದವರು ಕೀಲಿಕೈಯನ್ನು ಏನೆಂದುಕೊಂಡರೋ, ಬಿಟ್ಟಿದ್ದಾರೆ. ಪಕ್ಕದ ಮನೆಯ ಪ್ಯೋಟ್ಷ್ ಮೇಡಂ ಕೇಕು ತಿನ್ನಲು ಬಂದವರು, “ಏನ್ರೀ, ಊಟದ ಮೇಜಿನ ಮೇಲೆ ಚಪ್ಪಲಿ ಇಟ್ಟಿದ್ದೀರಿ!” ಎಂದು ಬೈದರು. ಇರಲಿ ಅಂದೆ. ಒಂದು ಅಳತೆ ದೊಡ್ಡದು, ದಪ್ಪ ಕಾಲುಚೀಲ ಹಾಕಿಕೊಂಡರೆ ಸರಿಹೋಗುತ್ತದೆ.

ನಿನ್ನೆ ಪೊಲೀಸ್ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಕಿಟಕಿಯ ಹಿಂದಿನ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. “ಯಾರ ಮನೆಗೆ ಟೀಚರ್?” ಎಂದು ಕೇಳಿದಳು. ಖಾನೆಯಲ್ಲಿ ಬರೆದಿತ್ತು, ಆದರೂ ನಾನು ಬಾಯಿಬಿಟ್ಟು ಹೇಳಿದೆ, ಹಿಂದೆ ನಿಂತವರಿಗೂ ಕೇಳುವಂತೆ ಹೇಳಿದೆ: ಮಗಳ ಮನೆಗೆ. ಏಪ್ರಿಲ್ ಎರಡನೆಯ ವಾರ ಸಿಗಬಹುದಂತೆ. ವೀಬ್ಕೆಗೆ ಹೇಳು, ಪರೀಕ್ಷೆಯಲ್ಲಿ ಅವಳಿಗೆ ಕಂಡದ್ದನ್ನೇ ಬರೆಯಲಿ. ಅಲ್ಪವಿರಾಮ ಮರೆಯದಿರಲಿ.

ಕೀಲಿಕೈಯನ್ನು ದಾರಕ್ಕೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ. ನಡೆದರೆ ಬಡಿಯುತ್ತದೆ, ಇಷ್ಟು ಚಿಕ್ಕದಾದರೂ ಗೊತ್ತಾಗುತ್ತದೆ. ಆದರೆ ರೋಸ್ವಿಥಾ, ಇದು ನನ್ನ ಬಳಿ ಇದ್ದರೂ ನಾನು ಇದರಿಂದ ಬಾಗಿಲು ತೆಗೆಯುವುದಿಲ್ಲ. ಹೊರಗೆ ನಿಂತು ಬಡಿಯುತ್ತೇನೆ. ಮೂರು ಸಲ ಬಡಿಯುತ್ತೇನೆ. ನೀನು ಬಂದು ತೆಗೆ.

ಅಮ್ಮ